ಪಿಯುಸಣ್ಣನ ಓವರ್
"ಎಪ್ಪತ್ತೊಂದರ ಯುದ್ಧದಲ್ಲಿ ನನ್ನದು ವಯರ್‌ಲೆಸ್ ಕೆಲಸ ಮಗಳೇ, ಓವರ್. ಬಂದೂಕಿನವರಿಗೆ ಪದಕ ಸಿಕ್ಕಿತು, ನನಗೆ ಕಿವಿನೋವು, ಓವರ್!" ಬಿಕರ್ನಕಟ್ಟೆಯ ಪಿಯುಸಣ್ಣ ಹೀಗೆಯೇ, ಮಾತು ಮುಗಿಸಿದರೆ 'ಓವರ್', ಎದುರಿನವರು ಕೇಳಿಸಿತೆಂದು 'ರೋಜರ್' ಅನ್ನದೆ ಮುಂದಿನ ಮಾತು ಹೊರಡುವುದಿಲ್ಲ. ಮೀನಿನವಳೂ ರೋಜರ್ ಅಂದೇ ಬಂಗುಡೆ ಕೊಡುವುದು. ಪಾದ್ರಿಗಳ ಆಶೀರ್ವಾದಕ್ಕೂ ಆಮೆನ್ ಬದಲು ಇವರದ್ದು ರೋಜರ್. ಹಳೇ ಸೈನಿಕರ ಕಥೆ ರೆಕಾರ್ಡ್ ಮಾಡಲು ಬಂದ ಕಾಲೇಜಿನ ಯಶ್ಮಿತಾಳೂ ಇದನ್ನು ಬೇಗ ಕಲಿತಳು. "ಗುಂಡು ಬೀಳುವಾಗ ಗುಡ್ಡದ ಮೇಲೆ ಇನ್ನೊಂದು ವಯರ್‌ಲೆಸ್ ಹಿಡಿದಿದ್ದ ನಮ್ಮ ತುಕಡಿಯ ತುಕ್ರನನ್ನು ಕರೆದೆ, ಓವರ್." "ರೋಜರ್," ಅಂದಳು ಯಶ್ಮಿತಾ. ಪಿಯುಸಣ್ಣ ತಲೆಯಾಡಿಸಿದರು: "ನೀನಲ್ಲ ಮಗಳೇ. ಅವನು ಹೇಳಬೇಕು. ಇವತ್ತಿಗೂ ಹೇಳಿಲ್ಲ." ಫೋನು ಸುಮ್ಮನೆ ರೆಕಾರ್ಡ್ ಮಾಡುತ್ತಲೇ ಇತ್ತು. ಕಥೆ ಇಲ್ಲೇ ನಿಲ್ಲುವುದೆಂದು ಹೆಂಡತಿ ಎಸ್ತೆರ್‌ಬಾಯಿಯವರಿಗೆ ಮದುವೆಯಾದಾಗಿನಿಂದ ಗೊತ್ತು. ಅಡುಗೆಮನೆಯಿಂದಲೇ ಕೂಗಿದರು: "ತೆಂಗಿನಕಾಯಿ ಹೆರೆದು ಕೊಡಿ ಮಾರಾಯ್ರೆ, ಓವರ್!" "ರೋಜರ್," ಅಂದು ಪಿಯುಸಣ್ಣ ಎದ್ದು ಹೋಗಿ ಹೆರೆಮಣೆಯ ಮೇಲೆ ಕುಳಿತರು.