ಆಮೆ ತಾನಾಗಿ ಹತ್ತಬೇಕಾದ ಮೆಟ್ಟಿಲು

ಮಗಳ ಎರಡನೇ ಬಾಣಂತನಕ್ಕೆ ನನ್ನ ಹೆಂಡತಿ ಮಂಗಳೂರಿಗೆ ಹೊರಡುವವಳಿದ್ದಳು. ಹೋದರೆ ಮೂರು ತಿಂಗಳು. ಅಡಿಗೆಯ ಬಗ್ಗೆ ಅವಳಿಗೆ ಚಿಂತೆ ಇರಲಿಲ್ಲ, ನನ್ನ ಬಗ್ಗೆಯೂ ಅಷ್ಟಾಗಿ ಇರಲಿಲ್ಲ. ಚಿಂತೆ ಇದ್ದದ್ದು ಹಜಾರದ ಗಾಜಿನ ತೊಟ್ಟಿಯಲ್ಲಿದ್ದ ಆಮೆಯದು. ಮಗಳು ಕಾಲೇಜಿಗೆ ಹೋಗುವಾಗ ಅಂಗಡಿಯಿಂದ ತಂದು, ಮದುವೆಯಾದ ಮೇಲೆ ಅಮ್ಮನಿಗೆ ಬಿಟ್ಟುಹೋದದ್ದು. ಕೆಲವು ವರ್ಷಗಳಿಂದ ಅದರ ಹಿಂದಿನ ಒಂದು ಕಾಲು ಸೆಟೆದುಕೊಂಡಿದೆ. ದಿನಕ್ಕೆ ಕೆಲವು ಗಂಟೆ ನೀರಿನಿಂದ ಮೇಲೆ ಬಂದು ಮೈ ಒಣಗಿಸಿಕೊಳ್ಳದಿದ್ದರೆ ಚಿಪ್ಪು ಮೆತ್ತಗಾಗುತ್ತದೆ ಎಂದು ಡಾಕ್ಟರು ಹೇಳಿದ್ದರು. ನಾನು ಬೆಳಿಗ್ಗೆ ತೋಟಕ್ಕೆ ಹೋದರೆ ಬರುವುದು ಸಂಜೆ.

ತೊಟ್ಟಿಯ ಮೂಲೆಯಲ್ಲಿ ಒಂದು ಇಟ್ಟಿಗೆ ಇತ್ತು. ಅದನ್ನು ಆಮೆ ತಾನೇ ಹತ್ತುತ್ತದಲ್ಲ, ನಾನು ನೋಡಿದ್ದೇನಲ್ಲ, ಎಂದೆ.

"ನೀವು ನೋಡಿದ್ದು ಕೂತಿದ್ದನ್ನ. ಹತ್ತಿದ್ದನ್ನಲ್ಲ. ನೀವು ಎದ್ದು ಕಾಫಿಗೆ ಬರೋ ಮೊದ್ಲು ನಾನೇ ಎತ್ತಿಡ್ತೀನಿ."

ನಾನು ವಾದಿಸಿದೆ. ಮುಂಗಾಲು ಇಟ್ಟಿಗೆಯ ಅಂಚಿಗೆ ಊರಿ, ಕತ್ತು ಚಾಚಿ ಅದು ಮೇಲೇರಿದ ಚಿತ್ರ ಕಣ್ಣಿಗೆ ಕಟ್ಟಿದಂತಿತ್ತು. ಆದರೆ ಆ ಚಿತ್ರದಲ್ಲಿ ಆಮೆಯ ಎರಡೂ ಹಿಂಗಾಲು ಸರಿಯಾಗಿದ್ದವು. ಹಾಗಾದರೆ ಅದು ಯಾವ ವರ್ಷದ್ದು? ನೋಡಿದ್ದೋ, ಕೂತ ಆಮೆಯನ್ನು ಕಂಡು ಮನಸ್ಸು ಆಮೇಲೆ ಹೊಲಿದುಕೊಂಡದ್ದೋ? ಯೂನಿವರ್ಸಿಟಿಯಲ್ಲಿ ಭೌತಶಾಸ್ತ್ರ ಓದಿದ ನನಗೆ ಒಬ್ಬನೇ ಸಾಕ್ಷಿಯ ಮೇಲೆ ನಂಬಿಕೆ ಕಡಿಮೆ. ಆ ಸಾಕ್ಷಿ ನಾನೇ ಆದರೆ ಇನ್ನೂ ಕಡಿಮೆ.

ಅವಳದು ಮಾತ್ರ ತೀರ್ಮಾನವಾಗಿತ್ತು. ಆಮೆ ತಾನಾಗಿ ಹತ್ತದಿದ್ದರೆ ಚಿಕ್ಕಮಗಳೂರಿನ ತನ್ನ ತಂಗಿಯ ಮನೆಗೆ ಕೊಟ್ಟುಹೋಗುವುದು. ಅವರ ಮನೆಯಲ್ಲಿ ದಿನವಿಡೀ ಜನ ಇರುತ್ತಾರೆ. ಹೇಳುವಾಗ ಅವಳು ತೊಟ್ಟಿಯ ಕಡೆ ನೋಡಲಿಲ್ಲ. ಕೊಟ್ಟರೆ ಮತ್ತೆ ಕೇಳುವವಳಲ್ಲ ಎಂದು ನನಗೆ ಗೊತ್ತು. ಅವಳ ಮಾತೇ ನಿಜ ಎಂದುಕೊಂಡು, ಎಂದೂ ಹತ್ತದ ಆಮೆಗೆ ಮೆಟ್ಟಿಲು ಮಾಡಲು ಕೂತೆ.

ಶೆಡ್ಡಿನಲ್ಲಿ ಮೋಟರಿನ ಪಿವಿಸಿ ಪೈಪಿನ ತುಂಡುಗಳಿದ್ದವು. ಹ್ಯಾಕ್‌ಸಾ ಬ್ಲೇಡಿನಲ್ಲಿ ಕೊಯ್ದು, ಎಲ್ಬೋ, ಟೀ ಎನ್ನುವ ಜೋಡಣೆ ತುಂಡುಗಳಿಂದ ಅಂಟಿಸಿ ಚೌಕಟ್ಟು ಮಾಡಿದೆ. ಟೊಮ್ಯಾಟೊ ಕ್ರೇಟಿನ ತಳ ಕತ್ತರಿಸಿ ಮೂರು ಮೆಟ್ಟಿಲು. ಒಂದೊಂದೂ ಕುಂಟುಗಾಲಿಗೆ ಎಟಕುವಷ್ಟೇ ಎತ್ತರ. ಉಗುರು ಜಾರದಂತೆ ಮೇಲ್ಮೈಯನ್ನು ಬ್ಲೇಡಿನಿಂದ ಗೀರಿದೆ. ಅಂಟಿನ ವಾಸನೆ ಹೋಗುವವರೆಗೆ ಬಕೆಟ್ಟಿನಲ್ಲಿ ನೀರು ಬದಲಿಸಿ ಬದಲಿಸಿ ನೆನೆಹಾಕಿದೆ.

ತೊಟ್ಟಿಗಿಳಿಸಿ ಕೈ ಬಿಟ್ಟೆ. ಮೆಟ್ಟಿಲು ಮೆಲ್ಲಗೆ ಮೇಲೆ ಬಂದು ಅಡ್ಡ ಮಲಗಿತು. ಆಮೆ ಮೂಲೆಗೆ ಸರಿದು ತಲೆ ಒಳಗೆಳೆದುಕೊಂಡಿತು.

ಪೈಪಿನ ಬಾಯಿಗಳಿಗೆಲ್ಲ ನಾನು ಕ್ಯಾಪ್ ಹಾಕಿ ಅಂಟಿಸಿಬಿಟ್ಟಿದ್ದೆ, ಗಾಳಿ ಒಳಗೇ ಉಳಿದಿತ್ತು. ನಮ್ಮ ಕಡೆ ಪೈಪಿನ ಬಾಯಿ ತೆರೆದಿಡುವವರಿಲ್ಲ. ಇಟ್ಟರೆ ಕಣಜ ಒಳಗೆ ಮಣ್ಣಿನ ಗೂಡು ಕಟ್ಟುತ್ತದೆ. ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟ ವರ್ಷ ಸ್ಪ್ರಿಂಕ್ಲರ್ ಹಾಕಿದರೆ ಆ ಮಣ್ಣು ಜೆಟ್ಟಿನ ಸಣ್ಣ ತೂತಿಗೆ ಸಿಕ್ಕಿ ನೀರು ನಿಂತುಹೋಗುತ್ತದೆ. ಹಾಗಾಗಿ ಕೈಗೆ ಪೈಪು ಸಿಕ್ಕಿದರೆ ಬಾಯಿ ಮುಚ್ಚುವುದು ಅಭ್ಯಾಸ. ಹಜಾರದ ತೊಟ್ಟಿಗೆ ಯಾವ ಕಣಜ ಬರುತ್ತದೆ?

ಹೆಂಡತಿ ಬಾಗಿಲಲ್ಲಿ ನಿಂತು ನೋಡಿದಳು.

"ವರ್ಷವರ್ಷ ತೊಟ್ಟೀಲಿ ಕಾಫಿ ಹಣ್ಣು ಸುರಿದು ಜೊಳ್ಳು ತೇಲಿಸ್ತೀರಿ ಮಾರಾಯ್ರೆ. ಇದು ಯಾವ ಜಾತಿ ಜೊಳ್ಳು?"

ಡ್ರಿಲ್ ತಂದೆ. ಪೈಪುಗಳ ಉದ್ದಕ್ಕೂ ತೂತು ಕೊರೆದು, ಕೆಳಗಿನವುಗಳ ಕ್ಯಾಪ್ ಕೊಯ್ದು ತೆಗೆದು ತೊಳೆದ ಜಲ್ಲಿ ತುಂಬಿ ಹೊಸ ಕ್ಯಾಪ್ ಒತ್ತಿದೆ. ಈ ಸಲ ಗುಳುಗುಳು ಗಾಳಿ ಬಿಟ್ಟು ತಳ ಹಿಡಿಯಿತು. ಮೇಲಿನ ಮೆಟ್ಟಿಲು ಮಾತ್ರ ನೀರಿನ ಹೊರಗೆ, ಆಮೆಗೆ ಬಿಸಿ ತಾಗಲೆಂದು ತೊಟ್ಟಿಯ ಮೇಲೆ ತೂಗಿಬಿಟ್ಟಿದ್ದ ಬಲ್ಬಿನ ಕೆಳಗೆ. ಅಂಗೈ ಊರಿ ಒತ್ತಿದೆ. ಅಲುಗಲಿಲ್ಲ.

ಆ ದಿನವೆಲ್ಲ ಆಮೆ ಅದರ ಹತ್ತಿರ ಹೋಗಲಿಲ್ಲ. ಮಾರನೇ ಬೆಳಿಗ್ಗೆ ಎದ್ದು ಬಂದರೆ ಮೇಲಿನ ಮೆಟ್ಟಿಲಲ್ಲಿ ಕೂತಿದೆ, ಚಿಪ್ಪು ಒಣಗಿ ಬೂದುಬಣ್ಣ. ಹೆಂಡತಿ ಒಲೆಯ ಮುಂದಿದ್ದಳು. ನೀನು ಎತ್ತಿಟ್ಟೆಯಾ ಎಂದು ಕೇಳಿದೆ. ಇಲ್ಲ ಎಂದಳು. ನನ್ನ ಸಮಾಧಾನಕ್ಕೆ ಹೇಳುತ್ತಿದ್ದಾಳೆಯೇ? ಅಥವಾ ಅಭ್ಯಾಸದ ಮೇಲೆ ಎತ್ತಿಟ್ಟು ಅವಳೇ ಮರೆತಳೇ? ನನಗೆ ಪೈಪಿನ ಬಾಯಿ ಮುಚ್ಚುವ ಅಭ್ಯಾಸ, ಅವಳಿಗೆ ಆಮೆ ಎತ್ತುವ ಅಭ್ಯಾಸ. ಆಮೆಯನ್ನು ಹಿಡಿದು ನೀರಿಗೆ ಬಿಟ್ಟೆ.

"ಹತ್ತಿದ್ದನ್ನ ಇಳಿಸಿದ್ರಾ?" ಅವಳ ದನಿಯಲ್ಲಿ ನಿಜವಾದ ಸಿಟ್ಟಿತ್ತು.

"ಕೂತಿದ್ದನ್ನ ಇಳಿಸ್ದೆ. ಹತ್ತೋದನ್ನ ಇಬ್ರೂ ನೋಡಣ."

ತೋಟಕ್ಕೆ ಹೋಗಲಿಲ್ಲ. ಇಬ್ಬರೂ ತೊಟ್ಟಿಯ ಮುಂದೆ ಮಣೆ ಹಾಕಿ ಕೂತೆವು. ಮೇಸ್ತ್ರಿಯ ಫೋನು ಬಂತು, ಮಧ್ಯಾಹ್ನ ಬರುತ್ತೇನೆಂದೆ. ಕಾಫಿ ಆರಿತು. ಆಮೆ ಗಾಜಿನ ಗುಂಟ ಎರಡು ಸುತ್ತು ಬಂದು, ಮೊದಲ ಮೆಟ್ಟಿಲಿಗೆ ಮುಂಗಾಲು ಇಟ್ಟು ಸುಮ್ಮನಾಯಿತು. ಆಮೇಲೆ ಸೆಟೆದ ಕಾಲನ್ನು ಬದಿಗೆ ಎಳೆದುಕೊಂಡು ಮೈಯನ್ನು ಓರೆ ಮಾಡಿ ಒಂದು ಮೆಟ್ಟಿಲು ಏರಿತು. ಎರಡನೆಯದರಲ್ಲಿ ಜಾರಿತು. ಹೆಂಡತಿಯ ಕೈ ತನ್ನಷ್ಟಕ್ಕೆ ನೀರಿನ ಕಡೆ ಹೋಯಿತು, ನಾನು ಹಿಡಿದುಕೊಂಡೆ. ಗೀರಿದ ಕಡೆ ಉಗುರು ಕಚ್ಚಿ ಆಮೆ ಮತ್ತೆ ಹತ್ತಿತು. ಬಲ್ಬಿನ ಕೆಳಗೆ ಹೋಗಿ ಕತ್ತು ಚಾಚಿತು.

ನನ್ನ ನೆನಪಿನ ಆಮೆ ಹತ್ತಿದ್ದು ಹೀಗಲ್ಲ.

ಮರುದಿನ ಅವಳು ಮಂಗಳೂರಿಗೆ ಹೋದಳು. ತಂಗಿಗೆ ಏನೂ ಹೇಳಲಿಲ್ಲ. ಈಗ ಸಂಜೆ ಫೋನು ಮಾಡಿ ಮೊಮ್ಮಗುವಿನ ಸುದ್ದಿ ಹೇಳಿ, ಕೊನೆಗೆ ಹತ್ತಿತಾ ಎಂದು ಕೇಳುತ್ತಾಳೆ. ತೋಟದಿಂದ ಬಂದ ಕೂಡಲೇ ನೋಡಿರುತ್ತೇನೆ. ಆದರೂ, ಇರು ಎಂದು ಹೇಳಿ, ಎದ್ದು ಹೋಗಿ ಚಿಪ್ಪು ಒಣಗಿದೆಯೇ ಎಂದು ಮುಟ್ಟಿ ನೋಡಿ ಬಂದು ಹೇಳುತ್ತೇನೆ.