ಅಪ್ಪನ ಎಡಗಣ್ಣು

ಅಪ್ಪ ತೀರಿಕೊಂಡ ಮೇಲೆ ಮನೆಯೆಲ್ಲ ಹುಡುಕಿದರೂ ಸಿಕ್ಕಿದ್ದು ಅವರ ಒಂದೇ ಒಂದು ಫೋಟೋ. ಸಂಡೂರಿನ ಗಣಿಯಿಂದ ತಾವು ಅದಿರು ತರುತ್ತಿದ್ದ ಟಿಪ್ಪರಿಗೆ ಒರಗಿ ನಿಂತದ್ದು. ಅದಿರಿನ ಧೂಳು ಕೂತು ಅಂಗಿ, ಕೂದಲು, ಮೀಸೆ ಎಲ್ಲವೂ ಟಿಪ್ಪರಿನಷ್ಟೇ ಕೆಂಪು.

ತಿಂಗಳ ತಿಥಿಯ ದಿನ ಹಾರ ಹಾಕಲು ದೊಡ್ಡ ಚಿತ್ರ ಬೇಕೆಂದು ಅವ್ವ ಹಟ ಹಿಡಿದಳು. ಹೊಸಪೇಟೆಯ ಆರ್ಟಿಸ್ಟ್ ಒಬ್ಬರಿಗೆ ಫೋಟೋ ಕೊಟ್ಟು ಬಂದೆ. ಗಣಿ ಧಣಿಗಳ ಕಟೌಟ್ ಬರೆಯುವುದರಲ್ಲೇ ಆಗ ಅವರಿಗೆ ಪುರುಸೊತ್ತಿರಲಿಲ್ಲ. ಆದರೂ ಒಪ್ಪಿಕೊಂಡರು.

ಚಿತ್ರ ನೋಡಲು ಅವ್ವನನ್ನೂ ಕರೆದುಕೊಂಡು ಹೋದೆ. ಅಪ್ಪ ಬೆಳ್ಳಗಾಗಿದ್ದರು. ಕೋಟು ತೊಟ್ಟಿದ್ದರು. ಟಿಪ್ಪರ್ ಇದ್ದ ಜಾಗದಲ್ಲಿ ಹಂಪಿಯ ಕಲ್ಲಿನ ರಥ ನಿಂತಿತ್ತು.

"ಇವರು ಹಂಪಿಗೆ ಯಾವಾಗ ಹೋಗಿದ್ರು, ನನಗ ಹೇಳದ?" ಅಂದಳು ಅವ್ವ.

"ಅದು ಕಲೆ, ಅಮ್ಮಾರ. ಇದ್ದಂಗ ತೋರ್ಸಾಕ ಫೋಟೋ ಐತಿ. ಇರಬೇಕಾದಂಗ ತೋರ್ಸೋದು ನಮ್ಮ ಕೆಲಸ," ಅಂದರು ಆರ್ಟಿಸ್ಟ್.

ಅವ್ವ ರಥವನ್ನು ಒಪ್ಪಿದಳು, ಕೋಟನ್ನೂ ಒಪ್ಪಿದಳು. ಎಡಗಣ್ಣಿಗೆ ಬಂದು ನಿಂತುಬಿಟ್ಟಳು. ಅಪ್ಪನ ಎಡರೆಪ್ಪೆ ಹುಟ್ಟಿನಿಂದಲೇ ಅರ್ಧ ಇಳಿಬಿದ್ದಿತ್ತು. ಆರ್ಟಿಸ್ಟ್ ಅದನ್ನು ಪೂರ್ತಿ ತೆರೆಸಿದ್ದರು.

"ಇದನ್ನ ಅರ್ಧ ಮುಚ್ರಿ."

"ತೆರೆಸಾಕ ಎಷ್ಟು ತಿಣುಕೀನಿ ಗೊತ್ತೇನ್ರಿ? ನನ್ನ ಕೈಚಳಕ ಇರೋದ ಅಲ್ಲಿ!"

"ನೋಡ್ರಿ, ಹೆಣ್ಣು ನೋಡಾಕ ಬಂದಾಗ ನನಗ ಕಣ್ಣು ಹೊಡದ್ರು ಅಂತ ತಿಳ್ಕಂಡು ನಾನು ಹೂಂ ಅಂದೆ. ಮದುವಿ ಆದ ಮ್ಯಾಲ ನೋಡಿದ್ರ ಎಲ್ಲಾರಿಗೂ ಹಂಗ ಹೊಡೀತಿದ್ರು. ಎಮ್ಮಿಗೂ."

ಆರ್ಟಿಸ್ಟ್ ಕುಂಚ ಕೆಳಗಿಟ್ಟು ನಕ್ಕರು. ಆದರೆ ಪಟ್ಟು ಬಿಡಲಿಲ್ಲ.

"ಮುಚ್ಚಿದ್ರ ಇದು ಆರ್ಟ್ ಆಗಂಗಿಲ್ರಿ. ಬರೆಯಾಕ ಬರಂಗಿಲ್ಲ ಇವಗ ಅಂತಾರ ಮಂದಿ."

"ತೆರೆದ್ರ ಇವರು ಯಾರೋ ಪರ ಗಂಡಸು. ದಿನಾ ಮುಂಜಾನೆದ್ದು ಪರ ಗಂಡಸಿಗೆ ಹಾರ ಹಾಕ್ಲೇನು ನಾನು?"

ಆರ್ಟಿಸ್ಟ್ ಮತ್ತೆ ಕುಂಚ ಎತ್ತಿಕೊಂಡು, ಬಣ್ಣ ಕಲಸಿ ರೆಪ್ಪೆಯನ್ನು ಇಳಿಸಿದರು. "ಇನ್ನೂ ಸ್ವಲ್ಪ," ಅಂದಳು ಅವ್ವ. ಇನ್ನೂ ಸ್ವಲ್ಪ ಇಳಿಸಿದರು. ಆಮೇಲೆ ಚಿತ್ರದ ಮೂಲೆಯಲ್ಲಿದ್ದ ತಮ್ಮ ಸಹಿಯನ್ನು ತಾವೇ ಒರೆಸಿ ಹಾಕಿದರು.

"ಯಾರು ಬರದ್ರು ಅಂತ ಕೇಳಿದ್ರ ನನ್ನ ಹೆಸರು ಹೇಳಬ್ಯಾಡ್ರಿ ಮತ್ತ."

ತಿಥಿಯ ದಿನ ಚಿತ್ರವನ್ನು ನಡುಮನೆಯ ಗೋಡೆಗೆ ಏರಿಸಿದೆ. ಹಾರ ಹಾಕಲು ಬಂದ ಅವ್ವ ಅಪ್ಪನ ಮುಖವನ್ನೇ ನೋಡುತ್ತ ನಿಂತಳು. ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು.

"ಸಾಕು ಬಿಡ್ರಿ, ಮಂದಿ ಕುಂತಾರ," ಅಂದಳು ಮೆಲ್ಲಗೆ.

ಅಪ್ಪ ಹೋದ ಮೇಲೆ ಅವಳು ಅವರೊಂದಿಗೆ ಮಾತಾಡಿದ್ದು ಅದೇ ಮೊದಲು. ನಾನು ಊದುಬತ್ತಿ ತರುವ ನೆಪ ಹೇಳಿ ಹೊರಗೆ ಹೋದೆ.