ಹಸಿರು ಬಲ್ಬಿಗೆ ಕಾದ ಚಹಾ

ಆ ದಿನವೂ ಎಂದಿನಂತೆ ಪೇಪರ್ ಮಿಲ್ಲಿನ ಸೈರನ್ ಕೂಗುವ ಹೊತ್ತಿಗೆ ಹಾಲು ಕಾಯಿಸಿ, ಅವಲಕ್ಕಿಗೆ ಒಗ್ಗರಣೆ ಹಾಕಿ, ಚಹಾಕ್ಕೆ ಶುಂಠಿ ಜಜ್ಜಿದೆ. ಆಮೇಲೆ ಅಡುಗೆಮನೆಯ ಕಿಟಕಿಯ ಮೇಲಿನ ಪುಟ್ಟ ಬಲ್ಬು ನೋಡಿದೆ. ಕೆಂಪು.

ಯಜಮಾನರು ಮನೆಯಿಂದಲೇ ಸಾಫ್ಟ್‌ವೇರ್ ಕೆಲಸ ಮಾಡುತ್ತಾರೆ. ಬೇರೆ ಬೇರೆ ಊರುಗಳಲ್ಲಿ ಕುಳಿತವರು ಬರೆದ ಕೋಡನ್ನೆಲ್ಲ ಒಟ್ಟುಗೂಡಿಸಿ, ಸರಿಹೊಂದುತ್ತದೋ ಇಲ್ಲವೋ ಎಂದು ನೋಡುವ ಹಳೆಯದೊಂದು ವ್ಯವಸ್ಥೆ ನಮ್ಮ ಸಾಮಾನು ಕೋಣೆಯ ಕಂಪ್ಯೂಟರಿನಲ್ಲಿತ್ತು. ಕೆಟ್ಟರೆ ಕೆಂಪು, ಸರಿಹೋದರೆ ಹಸಿರು. ಆ ಬಲ್ಬನ್ನು ನನಗಾಗಿಯೇ ಕೂರಿಸಿದ್ದರು. ಹಸಿರಾದರೆ ಚಹಾ ಒಯ್ಯಬಹುದು. ಮುಂದಿನ ಕೋಡು ಬರುವ ತನಕ ಕುರ್ಚಿ ತಿರುಗಿಸಿ, ಕಿವಿಯ ಹೆಡ್‌ಫೋನು ಕುತ್ತಿಗೆಗೆ ಇಳಿಸಿ, ಮಾತಾಡುತ್ತಿದ್ದರು. ಮಾವಿನ ಮರಕ್ಕೆ ಬಂದ ಮಂಗಟ್ಟೆ ಹಕ್ಕಿ, ಸಂತೆಯ ಬದನೆಕಾಯಿ, ಇಂಥವೇ. ದಿನದಲ್ಲಿ ನಾವು ಮಾತಾಡುತ್ತಿದ್ದುದು ಅಷ್ಟೇ.

ಕೆಂಪಿದ್ದಾಗ ನಾನು ಹೋಗುತ್ತಿರಲಿಲ್ಲ. ಒಳಗಿನಿಂದ ಕರೆಯುವ ತನಕ ಹೊಸ್ತಿಲು ದಾಟಬಾರದೆಂದು ಕಾನ್ವೆಂಟಿನ ಸಿಸ್ಟರುಗಳು ಕಲಿಸಿದ್ದು ಇನ್ನೂ ಕಾಲಲ್ಲೇ ಇದೆ.

ಅವತ್ತು ಕಾದೆ. ಚಹಾದ ಮೇಲೆ ಕೆನೆ ಕಟ್ಟಿತು. ಮತ್ತೆ ಬಿಸಿ ಮಾಡಿದೆ, ಮತ್ತೆ ಕಟ್ಟಿತು. ಕೊನೆಗೆ ಅವರೇ ಎದ್ದು ಬಂದರು.

"ಯಾಕ, ಇವತ್ತ ಚಹಾ ಇಲ್ಲೇನು?"

"ಕೆಂಪ ಐತಲ್ರೀ."

"ಅಯ್ಯ! ಅದನ್ನ ನಿನ್ನೇನ ಬಿಟ್ವಿ, ಅದಕ್ಕ ಹಂಗ ಕೆಂಪಗ ನಿಂತೈತಿ. ಹಳೇದಾಗಿತ್ತು. ಈಗಿನದು ನಮ್ಮ ಮನ್ಯಾಗ ಇಲ್ಲ, ಎಲ್ಲಾ ಕ್ಲೌಡಿನ್ಯಾಗ. ಒಂದರ ಸಲುವಾಗಿ ಇನ್ನೊಂದು ಕಾಯೂದಿಲ್ಲ, ಎಲ್ಲಾ ಒಮ್ಮೆಲೇ ನಡೀತಾವ. ಸುದ್ದಿ ಫೋನಿಗೇ ಬರ್ತೈತಿ."

ಖುಷಿಯಲ್ಲಿದ್ದರು. ಸಾಮಾನು ಕೋಣೆಗೆ ಹೋಗಿ ಪ್ಲಗ್ ಕಿತ್ತರು. ಕಂಪ್ಯೂಟರಿನ ಗುಂಯ್ಗುಡುವಿಕೆ ನಿಂತಿತು. ಇಷ್ಟು ವರ್ಷ ಅದು ಸದ್ದು ಮಾಡುತ್ತಿತ್ತೆಂಬುದೇ ನನಗೆ ಆಗ ತಿಳಿದದ್ದು. ಬಲ್ಬೂ ಆರಿತು.

"ಹಂಗಾರ ನನಗ ಹೆಂಗ ಗೊತ್ತಾಗಬೇಕು?"

"ನಿನಗೇನು ಗೊತ್ತಾಗಬೇಕು? ಸುಮ್ನ ಬಾ. ಬಾಗಲಾ ತಗದ ಇರ್ತೈತಿ."

ಮಧ್ಯಾಹ್ನ ಹೋದೆ. ಬಾಗಿಲು ತೆರೆದೇ ಇತ್ತು. ಹೆಡ್‌ಫೋನು ಕಿವಿಯಲ್ಲೇ ಇತ್ತು. ತಿರುಗದೆ, ಅಲ್ಲಿಡು ಎಂಬಂತೆ ಬೆರಳು ಆಡಿಸಿದರು. ಕಪ್ಪು ಇಟ್ಟೆ. ಮಂಗಟ್ಟೆ ಬಂದಿತ್ತು ಎಂದು ಹೇಳಬೇಕೆಂದಿದ್ದೆ. ಸ್ವಲ್ಪ ಹೊತ್ತು ನಿಂತೆ. ಫೋನು ಒಂದರ ಬೆನ್ನಿಗೊಂದು ಮಿನುಗುತ್ತಲೇ ಇತ್ತು. ವಾಪಸ್ ಬಂದೆ.

ಸಂಜೆ ಹಿತ್ತಲಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಗೋಡೆಯಾಚೆ ಗ್ಯಾರೇಜಿನವರ ಹೆಂಡತಿಯೂ ಹಗ್ಗದಿಂದ ಮಕ್ಕಳ ಅಂಗಿ ಎಳೆಯುತ್ತಿದ್ದಳು. ನನ್ನನ್ನು ಕಂಡು ನಕ್ಕಳು.

"ಇದ್ದೀರೇನ್ರಿ ಅಕ್ಕಾರ? ನಿಮ್ಮ ಕಿಡಕ್ಯಾಗ ಆ ಕೆಂಪು-ಹಸರು ದೀಪ ಕಾಣಲಿಲ್ಲ ನೋಡ್ರಿ, ಮನ್ಯಾಗ ಯಾರೂ ಇಲ್ಲ ಅಂದ್ಕೊಂಡಿದ್ದೆ."